ಬಾಡಿಗೆಯ ಉಸಿರು

ಆ ಭಾನುವಾರ ಸಂಜೆ ಬಂಟ್ವಾಳದ ನಮ್ಮ ಮನೆಯ ಜಗಲಿಯಲ್ಲಿ ಇದ್ದವರು ನಾಲ್ವರು. ನಾನು, ನನ್ನ ಹೆಂಡತಿ ಶಶಿಕಲಾ, ಗುರುವಾಯನಕೆರೆಯಲ್ಲಿ ವಿಮೆಯ ಏಜೆಂಟರಾಗಿರುವ ಅವಳ ಅಣ್ಣ ವಿಠಲ ಭಾವ, ಮತ್ತು ಮೂಡುಬಿದಿರೆಯಲ್ಲಿ ಹುಟ್ಟಿ ಬೆಳೆದು ಭಾವನ ಕೈಹಿಡಿದ ಮೀನಾಕ್ಷಿ ಅತ್ತಿಗೆ. ಚಹಾ ಮುಗಿದಿತ್ತು. ತಟ್ಟೆಯಲ್ಲಿ ಒಂದೇ ಒಂದು ಗೋಳಿಬಜೆ ಉಳಿದಿತ್ತು. ಅದನ್ನು ತೆಗೆದುಕೊಂಡವರು ಹೊಟ್ಟೆಬಾಕರೆನಿಸಿಕೊಳ್ಳುತ್ತಾರೆ ಎಂಬ ದಾಕ್ಷಿಣ್ಯದಿಂದ ನಾಲ್ವರೂ ಬೇರೆ ಬೇರೆ ದಿಕ್ಕಿಗೆ ನೋಡುತ್ತ ಕೂತಿದ್ದೆವು. ನಮ್ಮ ಕಡೆ ಕೊನೆಯ ಗೋಳಿಬಜೆಗೆ ಸದ್ಗತಿ ಇಲ್ಲ. ಅದು ತಣ್ಣಗಾಗಿ, ರಬ್ಬರಾಗಿ, ಕಡೆಗೆ ಬೆಕ್ಕಿಗೆ ಹೋಗುವುದು.

ಆಗ ಶಶಿಕಲಾ ಕೈ ಚಾಚಿ ಅದನ್ನು ಎತ್ತಿಕೊಂಡು, ಚಟ್ನಿಗೂ ಅದ್ದದೆ ಬಾಯಿಗೆ ಹಾಕಿ, ನಿಧಾನಕ್ಕೆ ಜಗಿದು ನುಂಗಿ, "ಈ ಸಲ ನಾನು ಚಪ್ಪಲಿ ಕಾಯುವುದಿಲ್ಲ" ಎಂದಳು.

ಇದರ ಹಿಂದಿನ ಕತೆ ಹೇಳದಿದ್ದರೆ ನಿಮಗೆ ಅರ್ಥವಾಗದು. ಶಶಿಕಲಾ ಹುಟ್ಟಿದ್ದು ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ದಡದಲ್ಲಿ. ಲಂಗ ದಾವಣಿಯ ಕಾಲದಲ್ಲೇ ಈಜಿ ಆಚೆ ದಡ ಮುಟ್ಟಿ ಬರುತ್ತಿದ್ದಳು ಎಂದು ಅವಳ ಅಣ್ಣನೇ ಹೇಳುತ್ತಾರೆ. ನನ್ನನ್ನು ಮದುವೆಯಾದ ಮೇಲೆ ಮಾತ್ರ ಅವಳು ನೀರಿಗೆ ಇಳಿದದ್ದಿಲ್ಲ. ಧರ್ಮಸ್ಥಳಕ್ಕೆ ಹೋದರೆ ಸ್ನಾನಘಟ್ಟದ ಮೆಟ್ಟಿಲಲ್ಲಿ ಎಲ್ಲರ ಬಟ್ಟೆ ಕಾಯುವವಳು ಅವಳು. ಪಣಂಬೂರಿನ ಕಡಲಿಗೆ ಹೋದರೆ ಎಲ್ಲರ ಚಪ್ಪಲಿ, ವಾಚು, ಮೊಬೈಲು, ಪರ್ಸು ಅವಳ ಮಡಿಲಿನಲ್ಲಿ. ಈ ಹುದ್ದೆಗೆ ಅವಳನ್ನು ನೇಮಿಸಿದವರು ಯಾರು ಎಂದು ಕೇಳಿದರೆ ಯಾರೂ ಇಲ್ಲ. ಒಬ್ಬರು ದಡದಲ್ಲಿ ಇರಬೇಕಿತ್ತು, ಅವಳು ಇದ್ದಳು, ಅಷ್ಟೇ.

ಈ ಸಲದ್ದು ಧನುರ್ಮಾಸದ ತಿರುಗಾಟ. ನನಗೆ ಇರುವುದು ಮದುವೆ ಮುಂಜಿಗಳಿಗೆ ಪಾತ್ರೆ, ಕುರ್ಚಿ, ಒಲೆ ಬಾಡಿಗೆಗೆ ಕೊಡುವ ಅಂಗಡಿ. ಧನುರ್ಮಾಸದಲ್ಲಿ ಮದುವೆ ಇಲ್ಲವಾದ್ದರಿಂದ ನನ್ನ ಕೊಪ್ಪರಿಗೆಗಳು ಬೋರಲು ಬಿದ್ದು ನಿದ್ದೆ ಮಾಡುತ್ತವೆ, ನಾವು ಊರು ನೋಡಲು ಹೊರಡುತ್ತೇವೆ. ಮಕರ ಸಂಕ್ರಮಣ ಕಳೆಯಿತೆಂದರೆ ಮತ್ತೆ ಪುರುಸೊತ್ತಿಲ್ಲ, ಆಮೇಲೆ ಮಳೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋದರೆ ನೇತ್ರಾಣಿ ಎಂಬ ದ್ವೀಪ ಉಂಟು, ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಸಮುದ್ರದೊಳಗೆ ಇಳಿಸುತ್ತಾರೆ, ಈಜು ಬರಲೇಬೇಕೆಂದೂ ಇಲ್ಲ ಎಂದು ಅವಳು ಮೊಬೈಲಿನಲ್ಲಿ ಯಾರದೋ ವೀಡಿಯೊ ನೋಡಿ ತಿಳಿದಿದ್ದಳು. "ನನಗೆ ಐವತ್ತು ದಾಟಿತು. ಮುಂದಿನ ವರ್ಷ ಮೊಣಗಂಟು ಕೇಳ್ತದೋ ಇಲ್ಲವೋ. ಇಳಿಯುವುದಾದರೆ ಈಗಲೇ" ಎಂದಳು. ಮಾತು ತುಳುವಿನಲ್ಲಿ ಆದದ್ದು, ಬರೆಯುವಾಗ ಕನ್ನಡವಾಗಿದೆ. ತುಳುವಿನಲ್ಲಿ ಇನ್ನೂ ಖಡಕ್ಕಾಗಿತ್ತು.

ಯಾರೂ ಬೇಡ ಎನ್ನಲಿಲ್ಲ. ಹೇಳಬೇಕೆಂದರೆ ನಾನಂತೂ ಬಹಳ ಉತ್ಸಾಹದಿಂದ, ಎಲ್ಲ ವ್ಯವಸ್ಥೆ ನನಗಿರಲಿ ಎಂದುಬಿಟ್ಟೆ. ನನ್ನ ನೆಮ್ಮದಿ ಹಾಳಾದದ್ದು ಅಲ್ಲಿಂದ.

ನೋಡಿ, ಬಾಡಿಗೆಯ ವಸ್ತು ಎಂದರೆ ಏನು ಎಂಬುದು ನನ್ನಂಥವನಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯದು. ಅದು ಎಲ್ಲರ ಕೈಯಲ್ಲೂ ಇರುತ್ತದೆ, ಯಾರ ಮನಸ್ಸಿನಲ್ಲೂ ಇರುವುದಿಲ್ಲ. ಸ್ವಂತದ ಸೌಟಿನಿಂದ ಸಾಂಬಾರು ಬಡಿಸುವವನೇ ಬಾಡಿಗೆಯ ಸೌಟಿನಿಂದ ಒಲೆಯ ಕೆಂಡ ಕೆದಕುತ್ತಾನೆ. ಮದುವೆಯ ದಿನ ಬೆಳಿಗ್ಗೆ ಬೆಳ್ಳಿಯ ಹಾಗೆ ಹೋದ ಬಾಲ್ದಿ ಮರುದಿನ ಪಾಯಸದ ಅಂಟಿನೊಂದಿಗೆ ಇರುವೆಗಳ ಸಂಸಾರವನ್ನೂ ಹೊತ್ತು ಬರುತ್ತದೆ. ಆದ್ದರಿಂದ ಬಾಡಿಗೆ ಅಂಗಡಿಯವನ ಯೋಗ್ಯತೆಯನ್ನು ಅವನು ಕೊಡುವಾಗ ನೋಡಬಾರದು. ವಾಪಸು ಬಂದ ಪಾತ್ರೆಯನ್ನು ಅವನು ಏನು ಮಾಡುತ್ತಾನೆ, ಎಲ್ಲಿ ಒಣಗಿಸುತ್ತಾನೆ, ಹೇಗೆ ಕವುಚಿ ಇಡುತ್ತಾನೆ, ಅದನ್ನು ಹಿತ್ತಿಲಿಗೆ ಹೋಗಿ ನೋಡಬೇಕು. ಇದು ನನ್ನ ಸಿದ್ಧಾಂತ. ಇದೇ ಸಿದ್ಧಾಂತವನ್ನು ಯಾಕೆ ಸಮುದ್ರಕ್ಕೂ ವಿಸ್ತರಿಸಬಾರದು? ಪಾತ್ರೆ ಕೊಳಕಾದರೆ ಹೊಟ್ಟೆ ಕೆಡುತ್ತದೆ. ನೀರಿನ ಅಡಿಯಲ್ಲಿ ಉಸಿರಿನ ಕೊಳವೆ ಕೆಟ್ಟರೆ ಕೆಡಲಿಕ್ಕೆ ಹೊಟ್ಟೆಯೇ ಉಳಿಯುವುದಿಲ್ಲ.

ಇನ್ನೊಂದು ವಿಚಾರವೂ ಇತ್ತು. ನಾವು ಎಂಜಲಿನ ವಿಷಯದಲ್ಲಿ ಎಂಥ ಜನ ಎಂದು ನಿಮಗೇ ಗೊತ್ತು. ಚೊಂಬಿನ ಅಂಚು ತುಟಿಗೆ ತಾಗದ ಹಾಗೆ ಅಷ್ಟೆತ್ತರದಿಂದ ಗಂಟಲಿಗೆ ನೀರು ಹೊಯ್ದುಕೊಳ್ಳುವ ವಿದ್ಯೆಯನ್ನು ನಡೆಯಲು ಕಲಿಯುವ ಮೊದಲೇ ಕಲಿತವರು. ಒಂದೇ ಲೋಟಕ್ಕೆ ಇಬ್ಬರು ಬಾಯಿ ಹಚ್ಚಿದರೆ ನಮ್ಮ ಅಜ್ಜಿ ಆ ಲೋಟವನ್ನು ಮೂರು ಸಲ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದರು. ಅಂಥ ಮನೆಯವರು ಊರೂರಿನ ಪ್ರವಾಸಿಗಳು ಹಲ್ಲೂರಿ ಕಚ್ಚಿದ ರಬ್ಬರಿನ ತುಂಡನ್ನು ಬಾಯಿಯಲ್ಲಿ ಇಟ್ಟು ಕಚ್ಚಿಕೊಳ್ಳುವುದು. ಅಜ್ಜಿ ಈಗ ಇದ್ದಿದ್ದರೆ ಸಮುದ್ರವನ್ನೇ ಹುಣಸೆಹುಳಿ ಹಾಕಿ ತೊಳೆಯಬೇಕು ಎನ್ನುತ್ತಿದ್ದರು.

ಅಜ್ಜಿಯ ಬಾಯಲ್ಲಿ 'ತೊಳೆ' ಎಂಬುದು ಕೊನೆಯ ಮಾತಾಗಿತ್ತು. ಅಷ್ಟು ಸುಲಭಕ್ಕೆ ಅವರು ಅದನ್ನು ಬಳಸುತ್ತಿರಲಿಲ್ಲ. ಬಟ್ಟೆಯನ್ನು ಒಗೆಯಬೇಕು, ಒಗೆದದ್ದನ್ನು ಜಾಲಿಸಬೇಕು. ಪಾತ್ರೆಯನ್ನು ತಿಕ್ಕಬೇಕು, ದೀಪವನ್ನು ಬೆಳಗಬೇಕು, ನೆಲವನ್ನು ಸಾರಿಸಬೇಕು. ಕೈಕಾಲು ಮಾತ್ರ ತೊಳೆಯುವುದು. ಒಂದೊಂದು ವಸ್ತುವಿಗೆ ಒಂದೊಂದು ಮರ್ಯಾದೆ. ನನ್ನ ಕನ್ನಡದಲ್ಲಿ ಅರ್ಧ ಅವರದ್ದು. ಇನ್ನರ್ಧ ನಮ್ಮ ದೊಡ್ಡಪ್ಪನದ್ದು. ದೊಡ್ಡಪ್ಪ ಮಳೆಗಾಲದಲ್ಲಿ ತಾಳಮದ್ದಳೆಗೆ ಕೂತು ಅರ್ಥ ಹೇಳುತ್ತಿದ್ದರು, ಉಳಿದ ಕಾಲದಲ್ಲಿ ಮನೆಯವರಿಗೆ ಹೇಳುತ್ತಿದ್ದರು. ಎದುರಿನವನ ಮಾತಿನಲ್ಲಿ ಸಂದು ಹುಡುಕಿ ಬೆರಳು ತೂರಿಸುವ ದುರಭ್ಯಾಸ ನನಗೆ ಅಂಟಿದ್ದು ಅವರಿಂದ. ಈ ಎರಡು ಆಸ್ತಿಗಳನ್ನು ಹಿಡಿದುಕೊಂಡು ನಾನು ಡೈವಿಂಗಿನವರಿಗೆ ಫೋನು ಮಾಡಲು ಕೂತೆ.

ಕೇಳಿದ್ದು ಒಂದೇ ಪ್ರಶ್ನೆ: ಸಮುದ್ರದಿಂದ ಬಂದ ಮೇಲೆ ಆ ಉಸಿರಾಟದ ಸಾಮಾನುಗಳನ್ನು ನೀವು ಹೇಗೆ ಇಟ್ಟುಕೊಳ್ಳುತ್ತೀರಿ? ಮೊದಲನೆಯವನು, ವೀಡಿಯೊ ಫ್ರೀ ಉಂಟು ಸರ್, ಎಂದ. ನಾನು ಪ್ರಶ್ನೆಯನ್ನು ಮತ್ತೊಮ್ಮೆ ಹೇಳಿದೆ. ಫೋಟೊ ಸಹ ಫ್ರೀ, ಎಂದ. ಎರಡನೆಯವನು ಊಟದ ಬಗ್ಗೆ ಮಾತಾಡಿದ. ಮೂರನೆಯವನು ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡ, ಅಷ್ಟಕ್ಕೆ ಮೆಚ್ಚಬೇಕು. ಸ್ವಲ್ಪ ಯೋಚಿಸಿ, "ಅದು ದಿನಾ ಸಮುದ್ರದ ನೀರಲ್ಲೇ ಇರ್ತದಲ್ಲ ಸರ್, ಮತ್ತೆ ತೊಳಿಯೋದು ಎಂತಕ್ಕೆ?" ಎಂದ. ನಾನು ಫೋನು ಇಟ್ಟೆ.

ಸರಿ, ಜನ ಏನು ಬರೆದಿದ್ದಾರೆ ನೋಡುವ ಎಂದು ಮೊಬೈಲು ತೆರೆದೆ. ಎಲ್ಲರಿಗೂ ಐದು ನಕ್ಷತ್ರ. ಆಕಾಶದಲ್ಲಿಯೂ ಅಷ್ಟು ನಕ್ಷತ್ರ ಇರಲಿಕ್ಕಿಲ್ಲ. ಒಬ್ಬರು ಬರೆದಿದ್ದಾರೆ, ಮೀನುಗಳು ಬಹಳ ಚೆನ್ನಾಗಿದ್ದವು ಎಂದು. ಮೀನಿನಲ್ಲಿ ಈ ಅಂಗಡಿಯವನ ಸಾಧನೆ ಏನುಂಟು? ಒಂದೇ ನಕ್ಷತ್ರ ಕೊಟ್ಟ ಒಬ್ಬ ಪುಣ್ಯಾತ್ಮ ಕಂಡು ಆಸೆಯಿಂದ ಓದಿದರೆ, ಆತನ ದೂರು ದೋಣಿಯಲ್ಲಿ ಕೊಟ್ಟ ಅವಲಕ್ಕಿಗೆ ಉಪ್ಪು ಕಡಿಮೆ ಎಂಬುದು. ಸುತ್ತ ಅಷ್ಟು ದೊಡ್ಡ ಸಮುದ್ರ ಇಟ್ಟುಕೊಂಡು. ಕೊಳವೆ ಬಿರಿದಿತ್ತೋ, ಬಾಯಿಗಿಡುವ ರಬ್ಬರು ಹರಿದಿತ್ತೋ, ಸಿಲಿಂಡರನ್ನು ಯಾವಾಗ ಪರೀಕ್ಷೆ ಮಾಡಿಸಿದ್ದೋ, ಈ ಬಗ್ಗೆ ಒಬ್ಬನೇ ಒಬ್ಬ ನರಪಿಳ್ಳೆ ಒಂದು ಅಕ್ಷರ ಬರೆದಿರಲಿಲ್ಲ. ನಮ್ಮ ಬಿ.ಸಿ.ರೋಡಿನ ಪೇಟೆಯಲ್ಲಿ ಎರಡು ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುವ ಜನ ಇವರೇ.

ಈ ನನ್ನ ಕಿರಿಕಿರಿಯನ್ನು ನೋಡಲಾರದೆ ವಿಠಲ ಭಾವ ನಡುವೆ ಪ್ರವೇಶಿಸಿದರು. ಅವರು ನಮ್ಮ ಜಿಲ್ಲೆಯ ಪುರಾತನ ಮಂತ್ರವನ್ನು ಪಠಿಸಿದರು: "ಅದೆಲ್ಲ ಬಿಡಿ ಭಾವ. ಅಲ್ಲಿ ನಮ್ಮವರು ಯಾರಾದ್ರೂ ಇದ್ದಾರಾ ನೋಡುವ."

ಆಸ್ಪತ್ರೆಯಾಗಲಿ, ಕಾಲೇಜಾಗಲಿ, ಸೆಕೆಂಡ್‌ಹ್ಯಾಂಡ್ ಕಾರಾಗಲಿ, ನಮ್ಮ ಕಡೆಯ ಆಯ್ಕೆಯ ಕ್ರಮ ಇದೊಂದೇ. ವಸ್ತುವನ್ನು ನೋಡುವುದಲ್ಲ, ವಸ್ತುವಿನ ಹಿಂದಿರುವವನಿಗೆ ಹೆಣ್ಣು ಕೊಟ್ಟವರು ಯಾರು ಎಂದು ನೋಡುವುದು. ಭಾವ ಮತ್ತು ಅತ್ತಿಗೆ ಒಟ್ಟಿಗೆ ಕೂತು ಫೋನು ಹಿಡಿದರೆ ಬೆಳ್ತಂಗಡಿಯಿಂದ ಬಹ್ರೈನ್‌ವರೆಗೆ ಯಾರೂ ತಪ್ಪಿಸಿಕೊಳ್ಳಲಾರರು. ಅರ್ಧ ಗಂಟೆಯೊಳಗೆ ಸಿಕ್ಕಿಬಿಟ್ಟ. ಹೆಸರು ಪ್ರವೀಣ. ಮೂಡುಬಿದಿರೆಯ ಅತ್ತಿಗೆಯ ಚಿಕ್ಕಮ್ಮನ ಮಗಳು ಸುಜಾತಾಳನ್ನು ಕೊಟ್ಟದ್ದು ಇವನಿಗೇ. ಕೆಲವು ವರ್ಷ ಗಲ್ಫಿನಲ್ಲಿದ್ದು, ಈಗ ಮುರ್ಡೇಶ್ವರದಲ್ಲಿ ದೋಣಿ ಇಟ್ಟುಕೊಂಡು ಜನರನ್ನು ನೀರಿಗಿಳಿಸುತ್ತಾನೆ. ಭಾವನ ಮುಖ ನನ್ನ ಕಡೆ ತಿರುಗಿ ಬೆಳಗಿತು. ಸಾಮಾನು ಹೇಗೆ ಇಟ್ಟುಕೊಂಡಿದ್ದಾನಂತೆ, ಎಂದು ಕೇಳಿದೆ. ನಮ್ಮವನೇ ಅಲ್ಲವಾ ಮಾರಾಯ್ರೆ, ಎಂಬುದು ಉತ್ತರ. ಊರಿಡೀ ತಿರುಗಿ ಜನರಿಗೆ ಸಾವಿನ ಭಯ ಹೇಳಿ ವಿಮೆ ಮಾಡಿಸುವವರು ಇವರು. ತಂಗಿಯ ಉಸಿರನ್ನು ಮಾತ್ರ ಚಿಕ್ಕಮ್ಮನ ಮಗಳ ಜಾಮೀನಿನ ಮೇಲೆ ಬಿಟ್ಟರು.

ನಾವು ಮುರ್ಡೇಶ್ವರ ಮುಟ್ಟಿದಾಗ ಬೆಳಿಗ್ಗೆಯ ತಿಂಡಿಯ ಹೊತ್ತು ದಾಟಿತ್ತು. ಪ್ರವೀಣ ಗೇಟಿನಲ್ಲೇ ನಿಂತಿದ್ದ. ಬಹಳ ಒಳ್ಳೆಯ ಹುಡುಗ, ನಗು ಮುಖ, ಬಂದವರ ಚೀಲವನ್ನು ಕೈಯಿಂದ ಕಿತ್ತುಕೊಳ್ಳುವ ಜಾತಿ. ಸುಜಾತಾ ನೀರುದೋಸೆ ಹೊಯ್ಯುತ್ತಲೇ ಇದ್ದಳು, ನಾವು ತಿನ್ನುತ್ತಲೇ ಇದ್ದೆವು. ಕೋಳಿ ಸುಕ್ಕ ಬೇರೆ. ನಾಳೆ ಬೆಳಿಗ್ಗೆ ಬೋಟಿನಲ್ಲಿ ನಿಮಗೆ ಮೊದಲ ಸೀಟು ಅಕ್ಕ, ದುಡ್ಡಿನ ಮಾತು ಎತ್ತಿದರೆ ನನಗೆ ಬೇಸರವಾಗ್ತದೆ, ಎಂದ ಪ್ರವೀಣ. ಒಂದೊಂದು ದೋಸೆಯೊಂದಿಗೆ ನನ್ನ ನಾಲಗೆಗೆ ಒಂದೊಂದು ಗಂಟು ಬೀಳುತ್ತಿತ್ತು. ಉಂಡ ಮನೆಯಲ್ಲಿ, ಅದೂ ಪುಕ್ಕಟೆ ಮುಳುಗಿಸುತ್ತೇನೆ ಎನ್ನುವವನ ಮನೆಯಲ್ಲಿ, ನಿನ್ನ ಕೊಳವೆ ಸರಿ ಉಂಟಾ ಎಂದು ಕೇಳುವುದು ಹೇಗೆ?

ಆದರೆ ನಾನು ಕೂತ ಜಾಗಕ್ಕೆ ಹಿತ್ತಿಲಿನ ಬಾಗಿಲು ನೇರ ಕಾಣುತ್ತಿತ್ತು. ಬೇಡವೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಈಜುವಾಗ ಹಾಕುವ ಕಪ್ಪು ರಬ್ಬರಿನ ಅಂಗಿಗಳನ್ನು ಮೋಟುಗೋಡೆಯ ಮೇಲೆ ಉರಿಬಿಸಿಲಿಗೆ ಹಪ್ಪಳದ ಹಾಗೆ ಹರಡಿದ್ದರು. ಉಸಿರಾಟದ ಕೊಳವೆಗಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಮರಳಿನಲ್ಲಿ, ಹಾವಿನ ಮರಿಗಳಂತೆ ಒಂದರ ಮೇಲೊಂದು ಬಿದ್ದಿದ್ದವು. ಅವುಗಳ ಮೇಲೆ ಉಪ್ಪು ಬೆಳ್ಳಗೆ ಕೂತದ್ದು ಅಷ್ಟು ದೂರಕ್ಕೂ ಕಾಣುತ್ತಿತ್ತು. ನೀಲಿ ಡ್ರಮ್ಮಿನಲ್ಲಿ ನೀರೇನೋ ಇತ್ತು. ಅದು ಸಾಮಾನು ಅದ್ದಲಿಕ್ಕೋ, ಸೊಳ್ಳೆ ಸಾಕಲಿಕ್ಕೋ ಎಂಬುದು ಸ್ಪಷ್ಟವಿರಲಿಲ್ಲ.

ನಾನು ಏಳಲು ಹೊರಟೆ. ಭಾವ ಮೇಜಿನ ಅಡಿಯಲ್ಲಿ ನನ್ನ ತೊಡೆಗೆ ಚಿವುಟಿದರು. ಬಾಯಿಯನ್ನು ನನ್ನ ಕಿವಿಗೆ ತಂದು, "ನಿಮ್ಮ ಅಂಗಡಿಯ ಬಾಲ್ದಿಯನ್ನು ಯಾರಾದ್ರೂ ಮೂಸಿ ನೋಡಿದ್ರೆ ನಿಮಗೆ ಹೇಗಾಗ್ತದೆ ಭಾವ? ಸುಮ್ಮನೆ ಕೂತ್ಕೊಳ್ಳಿ. ನಮ್ಮವರು" ಎಂದರು.

ಕೂತೆ. ಸಂಕಟ ಎಂದರೆ ಅದು. ಅತ್ತ ಶಶಿಕಲಾ ಬೆಳಗಿನಿಂದ ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಇದ್ದಳು. ನಾನು ಬಾಯಿ ತೆರೆದರೆ ಅವಳ ಸಮುದ್ರ ಹೋಗುತ್ತದೆ. ತೆರೆಯದಿದ್ದರೆ ಆ ಕೊಳವೆಯನ್ನು ನಾಳೆ ಕಚ್ಚುವವಳು ಅವಳು. ಕಂಡ ಕಂಡವರ ಮಾತಿನಲ್ಲಿ ಸಂದು ಹುಡುಕುವ ನಾನು ಆ ಹೊತ್ತಿಗೆ ಇನ್ನೊಂದು ದೋಸೆ ಹಾಕಿಸಿಕೊಂಡೆ.

ಶಶಿಕಲಾ ಎದ್ದಳು. ತನ್ನ ಬಟ್ಟಲು ಎತ್ತಿದಳು. ಅಷ್ಟಕ್ಕೆ ನಿಲ್ಲಿಸದೆ ನಮ್ಮೆಲ್ಲರ ಬಟ್ಟಲುಗಳನ್ನೂ ಒಂದರ ಮೇಲೊಂದು ಇಟ್ಟುಕೊಂಡು ಹಿತ್ತಿಲಿಗೆ ನಡೆದಳು. ಸುಜಾತಾ, ಬೇಡ ಅಕ್ಕ, ನಾನು ಮಾಡ್ತೇನೆ, ಎನ್ನುತ್ತ ಹಿಂದೆ ಹೋದಳು. ಇದರಲ್ಲಿ ವಿಶೇಷವೇನಿಲ್ಲ. ನೆಂಟರ ಮನೆಯಲ್ಲಿ ಹೆಂಗಸರು ಉಂಡು ಎದ್ದು ಕೈಕಟ್ಟಿ ಕೂರುವುದಿಲ್ಲ. ಒಳಗೆ ಹೋಗಿ ಎರಡು ಪಾತ್ರೆಯಾದರೂ ತಿಕ್ಕಿ ಬರುತ್ತಾರೆ. ಹಾಗೆ ಮಾಡದವಳನ್ನು ನೆಂಟಳು ಎನ್ನುವುದಿಲ್ಲ, ಅತಿಥಿ ಎನ್ನುತ್ತಾರೆ. ಅದು ಹೊಗಳಿಕೆ ಅಲ್ಲ.

ಬಟ್ಟಲು ತಿಕ್ಕಿದ ಸದ್ದು ಕೇಳಿತು. ಬೇಗ ಮುಗಿಯಿತು. ನೀರಿನ ಸದ್ದು ಮಾತ್ರ ನಿಲ್ಲಲಿಲ್ಲ. ಪ್ರವೀಣ ತಲೆ ಹೊರಳಿಸಿ ನೋಡಿದವನು, ದೋಸೆಯನ್ನು ಬಟ್ಟಲಲ್ಲೇ ಬಿಟ್ಟು ಓಡಿದ. ನಾವೂ ಹಿಂದಿನಿಂದ ಹೋದೆವು. ಶಶಿಕಲಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಲ್ಲಿನ ಬಳಿ ಕುಕ್ಕರುಗಾಲಲ್ಲಿ ಕೂತಿದ್ದಳು. ಡ್ರಮ್ಮನ್ನು ಬುಡಮೇಲು ಮಾಡಿ ನೀರು ಚೆಲ್ಲಿ ಆಗಿತ್ತು. ಬಾವಿಯ ಹೊಸ ನೀರಿನಲ್ಲಿ ಉಸಿರಾಟದ ಕೊಳವೆಗಳನ್ನು ಒಂದೊಂದಾಗಿ ಅದ್ದಿ ತೆಗೆಯುತ್ತಿದ್ದಳು. ಅಜ್ಜಿ ಇದ್ದಿದ್ದರೆ ಅದಕ್ಕೆ ಸರಿಯಾದ ಕ್ರಿಯಾಪದ ಹೇಳುತ್ತಿದ್ದರು.

ಪ್ರವೀಣ ಬಗ್ಗಿ, "ಅಯ್ಯೊ ಅಕ್ಕ, ನೀವು ಇದನ್ನೆಲ್ಲ ಮುಟ್ಟುವುದು ಬೇಡ" ಎಂದ.

"ನಮ್ಮವರ ಮನೆಗೆ ಬಂದು ತೊಳೆಯದೆ ಕೂತ್ಕೊಳ್ಲಿಕ್ಕೆ ಆಗ್ತದಾ?" ಎಂದಳು ಶಶಿಕಲಾ. ಸ್ವರದಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ.

ಗಿರಾಕಿಯಾಗಿದ್ದರೆ ಹಿತ್ತಿಲಿಗೆ ಬಿಡುತ್ತಿರಲಿಲ್ಲ. ಅಕ್ಕ, ಅಕ್ಕ ಎಂದು ನಮ್ಮವಳಾಗಿಸಿಕೊಂಡದ್ದು ಅವನೇ. ನನ್ನ ಸಿದ್ಧಾಂತ ಪಡಸಾಲೆಯಲ್ಲಿ ದೋಸೆ ತಿನ್ನುತ್ತ ಸಿಕ್ಕಿಹಾಕಿಕೊಂಡಿತ್ತು. ಭಾವನ ಸಿದ್ಧಾಂತವನ್ನು ಹಿಡಿದುಕೊಂಡು ಅವಳು ನೇರ ಒಳಗೆ ನಡೆದಿದ್ದಳು.

ಒಂದು ಕೊಳವೆಯನ್ನು ಅವಳು ಬೆಳಕಿಗೆ ಹಿಡಿದು ಮಡಚಿದಳು. ಮದುವೆ ಮನೆಗೆ ಗ್ಯಾಸಿನ ಒಲೆ ಕಳಿಸುವ ಮೊದಲು ನಾನು ಅದರ ಟ್ಯೂಬನ್ನು ಹಾಗೆಯೇ ಮಡಚಿ ನೋಡುವುದು. ಅದನ್ನು ಅವಳು ಅಷ್ಟು ವರ್ಷ ನೋಡಿದ್ದಳು ಎಂದು ನನಗೆ ಗೊತ್ತಿರಲಿಲ್ಲ. ಮಡಚಿದ ಕಡೆ ರಬ್ಬರು ಬೇಸಿಗೆಯ ಗದ್ದೆಯ ಹಾಗೆ ಸಣ್ಣ ಸಣ್ಣದಾಗಿ ಬಿರಿಯಿತು. ಅದರ ತುದಿಯ ಬಾಯಿತುಂಡಿನಲ್ಲಿ ಹಲ್ಲಿಗೆ ಸಿಕ್ಕಿಸಿಕೊಳ್ಳುವ ಎರಡು ಗುಬುಟುಗಳಿರಬೇಕು. ಒಂದನ್ನು ಯಾರೋ ಕಚ್ಚಿ ತುಂಡರಿಸಿದ್ದರು.

"ಇದನ್ನು ಯಾರು ಕಚ್ಚುವುದು ಪ್ರವೀಣ?"

"ಅದು ಹಳೇದು ಅಕ್ಕ. ನಾಳೆ ನಿಮಗೆ ಹೊಸತು ಕೊಡ್ತೇನೆ. ಪೆಟ್ಟಿಗೆಯಲ್ಲಿ ಒಂದು ಉಂಟು."

"ನನಗೆ ಹೊಸತು. ನಾಡಿದ್ದು ಬರುವವರಿಗೆ?"

ಭಾವ ಮೋಟುಗೋಡೆಯ ಮೇಲಿನ ಅಂಗಿಯೊಂದನ್ನು ನೋಡುತ್ತ ನಿಂತರು. ಶಶಿಕಲಾ ಮತ್ತೆ ಅದೇ ಮೆತ್ತಗಿನ ಸ್ವರದಲ್ಲಿ, "ಅವರೂ ಯಾರದ್ದೋ ನಮ್ಮವರೇ ಅಲ್ಲವಾ" ಎಂದು, ಆ ಕೊಳವೆಯನ್ನು ಬೇರೆ ಇಟ್ಟು ಇನ್ನೊಂದನ್ನು ಎತ್ತಿಕೊಂಡಳು.

ಪ್ರವೀಣ ಅವಳ ಎದುರಿಗೆ ಕೂತು, ಮುಂಗೈಯಿಂದ ಮುಖ ಒರೆಸಿಕೊಂಡು, ತಾನೂ ಒಂದನ್ನು ಎತ್ತಿ ಅದ್ದಿದ. ಎಲ್ಲವೂ ಆದ ಮೇಲೆ ಅವನೇ ಹೇಳಿದ: "ನಾಳೆ ನೀವು ನನ್ನ ಬೋಟಿಗೆ ಬರುವುದು ಬೇಡ ಅಕ್ಕ. ಯಾರೂ ಬರುವುದು ಬೇಡ." ಪಡಸಾಲೆಗೆ ಹೋಗಿ ನಾಳೆಗೆ ಹೇಳಿದ್ದವರಿಗೆಲ್ಲ ಫೋನು ಮಾಡಿ, ಬೋಟು ಹೊರಡುವುದಿಲ್ಲ ಎಂದ. ಆಮೇಲೆ ಸ್ವಲ್ಪ ಹೊತ್ತು ಫೋನನ್ನು ಕೈಯಲ್ಲೇ ತಿರುಗಿಸಿ, ಅದೇ ಬೀದಿಯ ಕೊನೆಯಲ್ಲಿರುವ ಇನ್ನೊಬ್ಬ ಡೈವಿಂಗಿನವರಿಗೆ ಮಾಡಿ, ನಮ್ಮನ್ನು ಕರೆದುಕೊಂಡು ಹೋಗಲು ಕೇಳಿಕೊಂಡ. ಅವರಿಬ್ಬರಿಗೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು ಎಂದು ಸುಜಾತಾ ನಮಗೆ ಪಿಸುಗುಟ್ಟಿದಳು.

ನನಗೆ ಈಗ ಧೈರ್ಯ ಬಂದಿತ್ತು. ಯುದ್ಧ ಮುಗಿದ ಮೇಲೆ ಬರುವಂಥದ್ದು. ಮೋಟುಗೋಡೆಯ ಅಂಗಿಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಿದೆ. ಬೂಸಲು, ಬೆವರು, ಮೀನು, ಇನ್ನೂ ಹೆಸರಿಡದ ಕೆಲವು. ಅಲ್ಲಿಂದಲೇ ಸೀನು ಹಿಡಿಯಿತು.

ಬೀದಿಯ ಕೊನೆಯ ಮನುಷ್ಯ ನನ್ನ ವಯಸ್ಸಿನವರು. ನಗಲಿಲ್ಲ. ಚಹಾ ಕೊಡಲಿಲ್ಲ. ಯಾವ ಊರು, ಯಾರ ಪೈಕಿ ಎಂದು ಕೇಳಲಿಲ್ಲ. ಭಾವನಿಗೆ ಅದು ಬಹಳ ಅವಮಾನವಾಯಿತು. ಅವರ ಸಾಮಾನು ಮಾಡಿನ ಅಡಿಯ ನೆರಳಿನಲ್ಲಿ, ಅಗಲ ತೊಲೆಗಳಿಗೆ ತೂಗುಹಾಕಿ ಇತ್ತು, ನೀರು ತೊಟ್ಟಿಕ್ಕುತ್ತಿತ್ತು. ಮೂಸಿ ನೋಡಬಹುದಾ ಎಂದು ಕೇಳಿದೆ. ನೋಡಿ ಎಂದರು. ಸಾಬೂನಿನ ವಾಸನೆಯೂ ಇರಲಿಲ್ಲ, ಏನೂ ಇರಲಿಲ್ಲ. ನನ್ನ ಮೂಗು ಕಟ್ಟಿದ್ದರಿಂದ ಇರಬಹುದೇ ಎಂದು ಶಶಿಕಲಾಳಿಂದಲೂ ಮೂಸಿಸಿದೆ. ಅವಳಿಗೂ ಏನೂ ಬರಲಿಲ್ಲ. ವಾಸನೆ ಇಲ್ಲದ ವಸ್ತುವಿನ ಎದುರು ನಿಂತು ನನಗೆ ಕಣ್ಣು ತೇವವಾಗುವುದೊಂದು ಬಾಕಿ.

ಮರುದಿನ ಮುಂಜಾನೆ ದೋಣಿ ಹತ್ತುವ ಮೊದಲು ಆ ಮನುಷ್ಯ ನಮ್ಮ ಮೂವರನ್ನೂ ಕೂರಿಸಿ ಆರೋಗ್ಯ ವಿಚಾರಿಸಿದರು. ಅತ್ತಿಗೆಗೆ ಮೊದಲಿನಿಂದಲೂ ನೀರಿನ ಆಸೆ ಇಲ್ಲ, ಅವರು ಸುಜಾತಾಳ ಮನೆಯಲ್ಲೇ ಉಳಿದಿದ್ದರು. ಭಾವನ ಬಿ.ಪಿ. ನೋಡಿ, ನೀವು ಇಳಿಯುವ ಹಾಗಿಲ್ಲ, ಎಂದರು. ಜೀವಮಾನವಿಡೀ ಊರವರ ಬಿ.ಪಿ. ಕೇಳಿದ ಭಾವ ತಮ್ಮದನ್ನು ಕೇಳಿ ಕಂಗಾಲಾದರು. ನನ್ನ ಸರದಿ ಬಂದಾಗ ಸರಿಯಾಗಿ ಸೀನು ಬಂತು. "ಶೀತ ಉಂಟಲ್ಲ. ಕಿವಿ ಒಡೀತದೆ. ನೀವು ಬೋಟಿನಲ್ಲಿ ಕೂತ್ಕೊಳ್ಳಿ" ಎಂದರು. ತಾಳಮದ್ದಳೆಯ ಧಾಟಿಯಲ್ಲಿ ಎರಡು ಮಾತು ವಾದಿಸಲು ಬಾಯಿ ತೆರೆದೆ, ಇನ್ನೊಂದು ಸೀನು ಬಂತು.

ಹಾಗಾಗಿ ನೇತ್ರಾಣಿಯ ಬಳಿ ಲಂಗರು ಹಾಕಿದ ದೋಣಿಯಲ್ಲಿ ನಾನೂ ಭಾವನೂ ಅಕ್ಕಪಕ್ಕ ಕೂತೆವು. ಶಶಿಕಲಾ ತನ್ನ ಬಳೆ ತೆಗೆದು ನನ್ನ ಕೈಗೆ ಕೊಟ್ಟಳು. ಆಮೇಲೆ ವಾಚು. ಆಮೇಲೆ ಮೊಬೈಲು. ಕೊನೆಗೆ ಚಪ್ಪಲಿಗಳನ್ನು ಕಾಲಿಂದ ಜಾರಿಸಿ, ನನ್ನ ಕಾಲ ಬುಡಕ್ಕೆ ತಳ್ಳಿದಳು. ಭಾವ ಬೇರೆ ದಿಕ್ಕಿಗೆ ನೋಡಿದರು, ಆ ಭಾನುವಾರ ಗೋಳಿಬಜೆಯನ್ನು ನೋಡದಿದ್ದ ಹಾಗೆ.

ಅವಳು ಆ ಮನುಷ್ಯನ ಜೊತೆ ನೀರಿಗೆ ಇಳಿದಳು. ತಲೆ ಮುಳುಗಿತು. ಸ್ವಲ್ಪ ಹೊತ್ತಿನಲ್ಲಿ ಮೇಲೆ ಗುಳ್ಳೆಗಳು ಬಂದವು. ಒಂದು ಸಲ, ಮತ್ತೆ ಒಂದು ಸಲ. ಬಾಡಿಗೆಗೆ ಪಡೆದ ಉಸಿರು ಹಾಗೆ ಒಂದೊಂದಾಗಿ ಒಡೆದು ಬಿಸಿಲಿಗೆ ಸೇರುವುದನ್ನು ನಾನು ಎವೆಯಿಕ್ಕದೆ ನೋಡಿದೆ. ಮುಂದಿನದು ಬರುವವರೆಗೆ ನನ್ನದನ್ನೂ ಹಿಡಿದುಕೊಂಡೆ. ಸಾಮಾನಿನ ವಿಚಾರದಲ್ಲಿ ನಾನು ಅಷ್ಟು ದಿನ ಕೂಗಾಡಿದ್ದು ರಬ್ಬರಿಗಾಗಿ ಎಂದು ಎಲ್ಲರೂ ತಿಳಿದಿದ್ದರು, ನಾನೂ ಹಾಗೆಯೇ ತಿಳಿದಿದ್ದೆ. ದಡದಲ್ಲಿ ಚಪ್ಪಲಿ ಕಾಯುವ ಕೆಲಸ ಇಷ್ಟು ಕಷ್ಟದ್ದು ಎಂದು ಯಾರೂ ನನಗೆ ಹೇಳಿರಲಿಲ್ಲ. ಹೇಳಬೇಕಾದವಳು ಕೆಳಗಿದ್ದಳು.

ಮೇಲೆ ಬಂದಾಗ ಅವಳ ಮುಖದಲ್ಲಿ ಮುಖವಾಡದ ಗೆರೆ ಕೆಂಪಗೆ ಮೂಡಿತ್ತು. ಹೇಗಿತ್ತು ಎಂದು ನಾವಿಬ್ಬರೂ ಒಟ್ಟಿಗೆ ಕೇಳಿದೆವು. ಅವಳು ಮೀನಿನ ಬಗ್ಗೆ ಏನೂ ಹೇಳಲಿಲ್ಲ.

"ಅಲ್ಲಿ ಯಾರೂ ಮಾತಾಡುವುದಿಲ್ಲ" ಎಂದಳು. "ಎಷ್ಟು ಒಳ್ಳೆಯದುಂಟು."

ದಡಕ್ಕೆ ಬಂದ ಮೇಲೆ ತನ್ನ ಸಾಮಾನನ್ನು ತಾನೇ ಸಿಹಿನೀರಿನ ತೊಟ್ಟಿಯಲ್ಲಿ ಅದ್ದಿ, ನೆರಳಿನ ತೊಲೆಗೆ ತೂಗುಹಾಕಿದಳು. ಆ ಮನುಷ್ಯ ಮೊದಲ ಬಾರಿಗೆ ಸ್ವಲ್ಪ ನಕ್ಕರು.

ಸಂಕ್ರಮಣ ಕಳೆದು ಮದುವೆಗಳು ಶುರುವಾದ ಮೇಲೆ ಒಂದು ಮಧ್ಯಾಹ್ನ ಪ್ರವೀಣ ಪಿಕಪ್ ತಂದು ನಮ್ಮ ಅಂಗಡಿಯ ಎದುರು ನಿಲ್ಲಿಸಿದ. ಮೂಡುಬಿದಿರೆಗೆ ಬಂದವನು ಹಾಗೇ ಇಲ್ಲಿಗೂ ಬಂದಿದ್ದ. ಕೊಳವೆಗಳನ್ನೆಲ್ಲ ಬದಲಾಯಿಸಿದ್ದಾನಂತೆ, ಹಿತ್ತಿಲಿಗೆ ಮಾಡು ಹಾಕಿಸಿದ್ದಾನಂತೆ. ಸಾಮಾನು ನೆನೆಹಾಕಲು ದೊಡ್ಡ ಕೊಪ್ಪರಿಗೆ ಬೇಕಾಗಿತ್ತು. ನಾನು ಇದ್ದುದರಲ್ಲಿ ದೊಡ್ಡದನ್ನು ಎಳೆದು ತಂದೆ. ನಿನ್ನಿಂದ ಬಾಡಿಗೆ ಎಂತದ್ದು ಮಾರಾಯ, ನಮ್ಮವನು, ತೆಗೆದುಕೊಂಡು ಹೋಗು, ಎಂದೆ.

ಅವನು ಉಪಕಾರ ಎಂದ. ಆಮೇಲೆ ಬಗ್ಗಿ, ಕೊಪ್ಪರಿಗೆಯೊಳಗೆ ತಲೆ ಹಾಕಿ, ಮೂಸಿ ನೋಡಿದ.

"ಸ್ವಲ್ಪ ಸಾಂಬಾರಿನ ವಾಸನೆ ಉಂಟಲ್ಲ ಅಣ್ಣ" ಎಂದ.

ಒಳಗಿನಿಂದ ಶಶಿಕಲಾ ನಕ್ಕದ್ದು ಕೇಳಿತು. ನಾನು ಕೊಪ್ಪರಿಗೆಯನ್ನು ಹಿತ್ತಿಲಿಗೆ ಉರುಳಿಸಿಕೊಂಡು ಹೋಗಿ, ಹುಣಸೆಹುಳಿ ಹಾಕಿ ತಿಕ್ಕಿ, ನೆರಳಿನಲ್ಲಿ ಕವುಚಿ ಇಟ್ಟೆ. ಅದು ಒಣಗುವವರೆಗೆ ಪ್ರವೀಣ ಊಟ ಮಾಡಿದ.